ಸತ್ತ ಎಮ್ಮೆಗೆ ಹತ್ತು ಸೇರು ಹಾಲು

ಸೂಪರ್‌ಮ್ಯಾನ್ ಸತ್ತದ್ದು ಯಾರಿಂದ ಎಂದು ಕಾಮಿಕ್ಸ್ ಓದಿದವರನ್ನು ಕೇಳಿ. ಡೂಮ್ಸ್‌ಡೇ ಎಂಬ ರಾಕ್ಷಸನ ಹೆಸರು ಹೇಳುತ್ತಾರೆ. ಪಾಪ, ಆ ರಾಕ್ಷಸನ ಮೇಲೆ ಹೊರಿಸಿದ್ದು ಸುಳ್ಳು ಕೇಸು. ಸೂಪರ್‌ಮ್ಯಾನ್ ಸತ್ತದ್ದು ಮದುವೆ ಮುಂದಕ್ಕೆ ಹೋದದ್ದರಿಂದ.

ನಡೆದದ್ದಿಷ್ಟು. 1990ರಲ್ಲಿ ಸೂಪರ್‌ಮ್ಯಾನ್, ಅಂದರೆ ಕ್ಲಾರ್ಕ್ ಕೆಂಟ್‌ಗೂ ಲೋಯಿಸ್ ಲೇನ್‌ಗೂ ನಿಶ್ಚಿತಾರ್ಥ ಆಗಿತ್ತು. ಡಿಸಿ ಕಾಮಿಕ್ಸ್‌ನ ಲೇಖಕರು ವರ್ಷಕ್ಕೊಮ್ಮೆ ಒಟ್ಟಿಗೆ ಕೂತು ಮುಂದಿನ ಕಥೆ ಹೊಸೆಯುತ್ತಿದ್ದರು. ಈ ಸಲ ಮದುವೆ ಮಾಡಿಬಿಡೋಣ ಎಂದು ಲೆಕ್ಕ ಹಾಕಿದ್ದರು. ಅಷ್ಟರಲ್ಲಿ ಇವರಿಬ್ಬರ ಮೇಲೆಯೇ 'ಲೋಯಿಸ್ ಅಂಡ್ ಕ್ಲಾರ್ಕ್' ಎಂಬ ಟೀವಿ ಧಾರಾವಾಹಿ ಬರಲಿದೆ ಎಂದು ಗೊತ್ತಾಯಿತು. ಟೀವಿಯಲ್ಲಿ ಪ್ರೇಮ ಕುದುರುವ ಮೊದಲೇ ಕಾಗದದ ಮೇಲೆ ಸಂಸಾರ ಹೂಡಿದರೆ ನೋಡುವವರು ಯಾರು? ಮದುವೆ ಮುಂದೂಡಿ ಎಂದಾಯಿತು. ಇಡೀ ವರ್ಷದ ಕಥೆ ಖಾಲಿ. ಕಥೆ ಸಿಕ್ಕಿಕೊಂಡಾಗಲೆಲ್ಲ ಅವನನ್ನು ಸಾಯಿಸಿಬಿಡೋಣ ಎಂದು ತಮಾಷೆ ಮಾಡುವುದು ಜೆರ್ರಿ ಆರ್ಡ್‌ವೇ ಎಂಬ ಲೇಖಕರ ಅಭ್ಯಾಸ. ಆ ವರ್ಷ ತಮಾಷೆಯೇ ತೀರ್ಮಾನವಾಯಿತು.

ಮುಹೂರ್ತ ಕೂಡಿ ಬರದಿದ್ದರೆ ನಮ್ಮಲ್ಲಿ ಜೋಯಿಸರ ಹತ್ತಿರ ಹೋಗಿ ಹುಡುಗನ ಜಾತಕ ತೋರಿಸುತ್ತಾರೆ. ಅಲ್ಲಿ ಹುಡುಗನ ತಿಥಿಯನ್ನೇ ಮಾಡಿದರು.

1992ರ ನವೆಂಬರ್ 18ರಂದು 'ಸೂಪರ್‌ಮ್ಯಾನ್' 75ನೇ ಸಂಚಿಕೆ ಅಂಗಡಿಗೆ ಬಂತು. ಕಪ್ಪು ಪ್ಲಾಸ್ಟಿಕ್ ಚೀಲ, ಮೇಲೆ ರಕ್ತ ಸೋರುವ ಎಸ್ ಅಕ್ಷರ. ಒಳಗೆ ಪುಸ್ತಕದ ಜೊತೆ ತೋಳಿಗೆ ಕಟ್ಟಿಕೊಳ್ಳಲು ಕಪ್ಪು ಪಟ್ಟಿ, ಕಥೆಯಲ್ಲಿ ಬರುವ ಡೈಲಿ ಪ್ಲಾನೆಟ್ ಪತ್ರಿಕೆಯ ಶ್ರದ್ಧಾಂಜಲಿ ಪುಟ, ಪೋಸ್ಟರ್, ಅಂಚೆಚೀಟಿಗಳು, ಒಂದು ಕಾರ್ಡು. ಕಣ್ಣೀರನ್ನು ಮಾತ್ರ ಗಿರಾಕಿ ಮನೆಯಿಂದ ತರಬೇಕಿತ್ತು. ಚೀಲದ ಬೆಲೆ ಎರಡೂವರೆ ಡಾಲರ್. ಚೀಲವಿಲ್ಲದ ಬರೀ ಪುಸ್ತಕಕ್ಕೆ ಒಂದೂಕಾಲು ಡಾಲರ್. ಅಂದರೆ ಸಾವಿಗೆ ಒಂದೂಕಾಲು, ಶೋಕಕ್ಕೆ ಒಂದೂಕಾಲು.

ಜನ ಅಂಗಡಿಗಳ ಮುಂದೆ ಸಾಲುಗಟ್ಟಿದರು. ದೊಡ್ಡ ದೊಡ್ಡ ಪತ್ರಿಕೆಗಳು ಸುದ್ದಿ ಮಾಡಿದವು. ಎಲ್ಲ ಮುದ್ರಣ ಸೇರಿ ಸುಮಾರು 60 ಲಕ್ಷ ಪ್ರತಿ ಹೋಯಿತು ಎನ್ನುತ್ತಾರೆ. ಸತ್ತ ಎಮ್ಮೆಗೆ ಹತ್ತು ಸೇರು ಹಾಲು ಎಂಬ ಗಾದೆಯನ್ನು ನಮ್ಮ ಹಿರಿಯರು ಕಟ್ಟಿದ್ದು, ಇದ್ದಾಗ ತಿರುಗಿ ನೋಡದೆ ಸತ್ತ ಮೇಲೆ ಹೊಗಳುವವರ ಕಾಲೆಳೆಯಲು. ನ್ಯೂಯಾರ್ಕಿನ ಕಾಮಿಕ್ಸ್ ಕಂಪನಿಗಳು ಅದನ್ನು ಹೈನುಗಾರಿಕೆಯ ಕೈಪಿಡಿ ಎಂದು ತಿಳಿದವು. ಇಲ್ಲಿ ಎಮ್ಮೆ ಸತ್ತ ದಿನ ನಿಜಕ್ಕೂ ಹತ್ತು ಸೇರು ಕರೆಯಿತು.

ಕಥೆ ಕಟ್ಟಿದವರು ಕಸುಬುದಾರರು, ಆ ಮಾತು ಬೇರೆ. ಸಾವಿಗೆ ಮುಂಚಿನ ಸಂಚಿಕೆಗಳಲ್ಲಿ ಮೊದಲು ಪುಟಕ್ಕೆ ನಾಲ್ಕು ಚೌಕ, ಮುಂದಿನದರಲ್ಲಿ ಮೂರು, ಅದರ ಮುಂದಿನದರಲ್ಲಿ ಎರಡು, 75ಕ್ಕೆ ಬರುವಾಗ ಪುಟಕ್ಕೊಂದೇ ಚಿತ್ರ. ಪುಟ ತಿರುವಿದಷ್ಟೂ ಏಟು ದೊಡ್ಡದಾಗುತ್ತಾ ಹೋಗುತ್ತದೆ, ಓದುವವನ ಎದೆ ಹೊಡೆದುಕೊಳ್ಳುತ್ತದೆ. ಮುಖಪುಟದಲ್ಲಿ ಅವಶೇಷಗಳ ನಡುವೆ ಕೋಲಿಗೆ ಸಿಕ್ಕಿ ಹಾರಾಡುವ ಹರಿದ ಕೆಂಪು ಬಟ್ಟೆ. ಡ್ಯಾನ್ ಜರ್ಗನ್ಸ್ ಬರೆದು ಚಿತ್ರಿಸಿದ ಈ ಸಂಚಿಕೆಯನ್ನು ಇವತ್ತು ಓದಿದರೂ ಕೈ ಹಿಡಿಯುತ್ತದೆ. ತೊಂದರೆ ಏನೆಂದರೆ, ಕೊಂಡವರಲ್ಲಿ ಅನೇಕರು ಓದಲೇ ಇಲ್ಲ. ಚೀಲ ಬಿಚ್ಚಿದರೆ ಬೆಲೆ ಹೋಗುತ್ತದಲ್ಲ!

ಅವರ ತರ್ಕ ಸರಳ. 1938ರಲ್ಲಿ 10 ಸೆಂಟಿಗೆ ಮಾರಿದ 'ಆಕ್ಷನ್ ಕಾಮಿಕ್ಸ್' ಮೊದಲ ಸಂಚಿಕೆಯಲ್ಲಿ ಸೂಪರ್‌ಮ್ಯಾನ್ ಹುಟ್ಟಿದ. ಅದರ ಒಂದು ಪ್ರತಿ 2024ರಲ್ಲಿ 60 ಲಕ್ಷ ಡಾಲರಿಗೆ ಹರಾಜಾಯಿತು. 1992ರಲ್ಲೂ ಅದರ ಬೆಲೆ ಕೇಳಿದವರಿಗೆ ತಲೆ ತಿರುಗುತ್ತಿತ್ತು. ಹುಟ್ಟಿಗೇ ಇಷ್ಟಾದರೆ ಸಾವಿಗೆ ಎಷ್ಟಾಗಬೇಡ ಎಂದು ಜನ ಐದು, ಹತ್ತು ಪ್ರತಿ ಕೊಂಡು ಅಟ್ಟಕ್ಕೆ ಹಾಕಿದರು. ಹಳೆಯ ಸಂಚಿಕೆಗೆ ಬೆಲೆ ಬಂದದ್ದು ಮಕ್ಕಳು ಅದನ್ನು ಓದಿ ಓದಿ ಹರಿದು, ದೊಡ್ಡವರು ರದ್ದಿಗೆ ಹಾಕಿ, ಲೋಕದಲ್ಲಿ ನೂರರ ಆಸುಪಾಸು ಪ್ರತಿ ಮಾತ್ರ ಉಳಿದದ್ದರಿಂದ ಎಂಬುದು ಯಾರಿಗೂ ಹೊಳೆಯಲಿಲ್ಲ. ಲಕ್ಷಾಂತರ ಮನೆಗಳ ಅಟ್ಟದಲ್ಲಿ ಜೋಪಾನವಾಗಿರುವ ಅಪರೂಪದ ವಸ್ತುವಿಗೆ ಕೊಡುವವರು ಯಾರು? ಆ ಕಪ್ಪು ಚೀಲ ಇವತ್ತಿಗೂ ಹೋಟೆಲಿನ ಒಂದು ಊಟದ ದುಡ್ಡಿಗೆ ಸಿಗುತ್ತದೆ.

ಆ ಕಾಲದಲ್ಲಿ ಇದೊಂದೇ ಅಲ್ಲ. ಒಂದೇ ಸಂಚಿಕೆಗೆ ಐದು ಮುಖಪುಟ, ಹೊಳೆಯುವ ರಟ್ಟು, ಕೊರೆದ ರಟ್ಟು ಎಂದು ಎಲ್ಲರೂ ಸಂಗ್ರಹಕಾರರ ಕಿಸೆಗೆ ಕೈ ಹಾಕುತ್ತಿದ್ದರು. ಕಾಮಿಕ್ಸ್ ಶೇರುಪೇಟೆಯ ಕಾಗದವಾಗಿತ್ತು. 1993ರಿಂದ ಗುಳ್ಳೆ ಒಡೆಯಿತು. ಸಾವಿರಾರು ಕಾಮಿಕ್ಸ್ ಅಂಗಡಿಗಳು ಬಾಗಿಲು ಹಾಕಿದವು. ಎದುರಾಳಿ ಕಂಪನಿ ಮಾರ್ವೆಲ್ 1996ರ ಡಿಸೆಂಬರಿನಲ್ಲಿ ದಿವಾಳಿ ಅರ್ಜಿ ಹಾಕಿತು. ಸೂಪರ್‌ಮ್ಯಾನ್ ಎದ್ದು ಬಂದ. ಅಂಗಡಿಗಳು ಎದ್ದು ಬರಲಿಲ್ಲ.

ಹೌದು, ಎದ್ದು ಬಂದ. ವರ್ಷ ತುಂಬುವುದಕ್ಕೂ ಕಾಯಲಿಲ್ಲ. ಅವನ ಜಾಗಕ್ಕೆ ಮೊದಲು ನಾಲ್ವರು ಉಮೇದುವಾರರು ಬಂದರು: ಒಬ್ಬ ಉಕ್ಕಿನ ಕವಚದವನು, ಒಬ್ಬ ಅರ್ಧ ಯಂತ್ರ, ಒಬ್ಬ ಕನ್ನಡಕ ತೊಟ್ಟ ನಿರ್ದಯಿ, ಒಬ್ಬ ಮೀಸೆ ಮೂಡದ ಹುಡುಗ. ಒಂದು ಶವಕ್ಕೆ ನಾಲ್ಕು ವಾರಸುದಾರರು, ನಾಲ್ಕು ಪತ್ರಿಕೆ, ಓದುಗನಿಗೆ ನಾಲ್ಕು ಬಿಲ್ಲು. ಕೊನೆಗೆ 1993ರಲ್ಲಿ ಅಸಲಿ ಸೂಪರ್‌ಮ್ಯಾನ್ ಕಪ್ಪು ಉಡುಪಿನಲ್ಲಿ ಪ್ರತ್ಯಕ್ಷನಾದ. ಸಾವು ಅವನಲ್ಲಿ ತಂದ ಬದಲಾವಣೆ ಒಂದೇ: ಕೂದಲು ಭುಜದವರೆಗೆ ಬೆಳೆದಿತ್ತು. 1996ರ ಅಕ್ಟೋಬರಿನಲ್ಲಿ ಟೀವಿಯಲ್ಲೂ ಪುಸ್ತಕದಲ್ಲೂ ಒಟ್ಟಿಗೆ ಮುಹೂರ್ತ ಕೂಡಿ ಬಂದು ಮದುವೆಯಾದಾಗ ಅದನ್ನೂ ಕತ್ತರಿಸಿಕೊಂಡ.

ಅವನ ಪುನರಾಗಮನದ ಗದ್ದಲದಲ್ಲಿ ಇನ್ನೊಂದು ಸಂಗತಿ ನಡೆಯಿತು. ಅದೇ ಕಥೆಯಲ್ಲಿ ಕೋಸ್ಟ್ ಸಿಟಿ ಎಂಬ ಊರನ್ನು ಖಳರು ಸುಟ್ಟು ಬೂದಿ ಮಾಡುತ್ತಾರೆ. ಸತ್ತವರು 70 ಲಕ್ಷ. ನಾಯಕ ಬರುವ ಮೊದಲು ಖಳನಾಯಕ ಎಷ್ಟು ಕೆಟ್ಟವನು ಎಂದು ತೋರಿಸಬೇಕಲ್ಲ, ಅದಕ್ಕಾಗಿ ಒಂದು ಊರು. ಅವರಿಗೆ ಕಪ್ಪು ಚೀಲ ಇಲ್ಲ, ತೋಳುಪಟ್ಟಿ ಇಲ್ಲ, ಶ್ರದ್ಧಾಂಜಲಿ ಪುಟ ಇಲ್ಲ. ಎದೆಯ ಮೇಲೆ ಟ್ರೇಡ್‌ಮಾರ್ಕ್ ಇಲ್ಲದವನ ಸಾವು ಸಾವೇ ಅಲ್ಲ. ಅದು ಹಿನ್ನೆಲೆ ಚಿತ್ರ.

ಹಾಲಿನ ರುಚಿ ಹತ್ತಿದ ಮೇಲೆ ಎಮ್ಮೆಯನ್ನು ಒಂದೇ ಸಲ ಸಾಯಿಸಿ ಸುಮ್ಮನಿರಲು ಯಾರಿಗಾದರೂ ಮನಸ್ಸು ಬರುತ್ತದೆಯೇ? 2016ರಲ್ಲಿ ಸೂಪರ್‌ಮ್ಯಾನ್ ಒಂದೇ ವರ್ಷದಲ್ಲಿ ಎರಡು ಸಲ ಸತ್ತ: ಮಾರ್ಚಿನಲ್ಲಿ ಸಿನಿಮಾದ ತೆರೆಯ ಮೇಲೆ, ಮೇ ತಿಂಗಳಲ್ಲಿ ಕಾಮಿಕ್ಸ್ ಪುಟದ ಮೇಲೆ. 2022ರಲ್ಲಿ 'ಜಸ್ಟಿಸ್ ಲೀಗ್' 75ನೇ ಸಂಚಿಕೆಯಲ್ಲಿ ಮಿತ್ರಮಂಡಳಿ ಸಮೇತ ಮತ್ತೆ ಸತ್ತ. ಸಂಖ್ಯೆ ಗಮನಿಸಿ, ಮತ್ತದೇ 75. ಅದೇ ವರ್ಷ 1992ರ ಸಾವಿಗೆ ಮೂವತ್ತು ತುಂಬಿತೆಂದು ವಿಶೇಷ ಸಂಚಿಕೆಯೂ ಬಂತು. ಬದುಕಿರುವವನಿಗೆ ವರ್ಷಾಬ್ದಿಕ ಮಾಡಿ ಅವನ ಕೈಯಿಂದಲೇ ದಕ್ಷಿಣೆ ಎತ್ತಿಸುವ ಪುರೋಹಿತರು ನಮ್ಮಲ್ಲೂ ಇಲ್ಲ.

ಮಾರ್ವೆಲ್ ಇದರಲ್ಲಿ ಹಿಂದೆ ಬಿದ್ದಿಲ್ಲ. 2007ರ ಮಾರ್ಚ್ 7ರಂದು ಕ್ಯಾಪ್ಟನ್ ಅಮೆರಿಕ ನ್ಯಾಯಾಲಯದ ಮೆಟ್ಟಿಲ ಮೇಲೆ ಗುಂಡೇಟು ತಿಂದು ಸತ್ತ. ಅವನ ಗುರಾಣಿಯನ್ನು ಕಂಪನಿ ಟೀವಿಯ ಹಾಸ್ಯಗಾರ ಸ್ಟೀಫನ್ ಕೋಲ್ಬೇರ್‌ಗೆ ಕಳಿಸಿಕೊಟ್ಟಿತು. ಎರಡು ವರ್ಷದ ಮೇಲೆ, ಅವನು ಸತ್ತಿಲ್ಲ, ಕಾಲಪ್ರವಾಹದಲ್ಲಿ ತೇಲುತ್ತಿದ್ದಾನೆ ಎಂದು ಹೇಳಿ ಎಬ್ಬಿಸಿದರು. 2011ಕ್ಕೆ ಅವನ ಸಿನಿಮಾ ಬರುವುದಿತ್ತು. 2012ರ ಕೊನೆಯಲ್ಲಿ 'ಅಮೇಜಿಂಗ್ ಸ್ಪೈಡರ್‌ಮ್ಯಾನ್' 700ನೇ ಸಂಚಿಕೆಯಲ್ಲಿ ಸ್ಪೈಡರ್‌ಮ್ಯಾನ್, ಅಂದರೆ ಪೀಟರ್ ಪಾರ್ಕರ್, ಸತ್ತ. ಕಾಗದದ ಮೇಲಿನ ಈ ಕೊಲೆಗೆ ಲೇಖಕ ಡ್ಯಾನ್ ಸ್ಲಾಟ್‌ಗೆ ನಿಜವಾದ ಕೊಲೆ ಬೆದರಿಕೆಗಳು ಬಂದವು. 2014ರ ಏಪ್ರಿಲಿನಲ್ಲಿ ಪೀಟರ್ ವಾಪಸ್. ಮೇ ತಿಂಗಳಲ್ಲಿ ಅಮೆರಿಕದಲ್ಲಿ ಸ್ಪೈಡರ್‌ಮ್ಯಾನ್ ಸಿನಿಮಾ ಬಿಡುಗಡೆ. ಯಮಧರ್ಮನ ಲೆಕ್ಕ ತಪ್ಪಬಹುದು, ಚಿತ್ರಮಂದಿರದ ಲೆಕ್ಕ ತಪ್ಪುವುದಿಲ್ಲ.

ಫೆಂಟಾಸ್ಟಿಕ್ ಫೋರ್ ತಂಡದ ಬೆಂಕಿ ಹುಡುಗ ಜಾನಿ ಸ್ಟಾರ್ಮ್‌ನದು ಇನ್ನೂ ಚೆಂದ. 2011ರ ಜನವರಿಯಲ್ಲಿ 587ನೇ ಸಂಚಿಕೆಯಲ್ಲಿ ಸತ್ತ. ಯಥಾಪ್ರಕಾರ ಕಪ್ಪು ಚೀಲ. ಪತ್ರಿಕೆಯ ಹೆಸರು ಬದಲಿಸಿ ಹನ್ನೊಂದು ಸಂಚಿಕೆ ಓಡಿಸಿದರು. ನವೆಂಬರಿನಲ್ಲಿ ಹಳೆಯ ಹೆಸರು ಮರಳಿತು, ಸಂಖ್ಯೆ 600 ಎಂದಾಯಿತು, ಹುಡುಗನೂ ಮರಳಿದ. ಹತ್ತೇ ತಿಂಗಳು. ನಮ್ಮಲ್ಲಿ ಮರಣ ಪ್ರಮಾಣಪತ್ರದಲ್ಲಿ ಹೆಸರು ತಪ್ಪಾಗಿದ್ದರೆ ತಿದ್ದಿಸಲು ಅದಕ್ಕಿಂತ ಹೆಚ್ಚು ಕಾಲ ಬೇಕು.

ಎಬ್ಬಿಸುವ ಉಪಾಯಗಳನ್ನು ಕೇಳಿದರೆ ಸಂಜೀವಿನಿ ಪರ್ವತವೇ ನಾಚಬೇಕು. ಎಕ್ಸ್‌ಮೆನ್ ತಂಡದ ಜೀನ್ ಗ್ರೇ 1980ರಲ್ಲಿ ಸತ್ತದ್ದು ಕಣ್ಣೀರು ತರಿಸುವ ಕಥೆ. 1986ರಲ್ಲಿ ತಿಳಿಯಿತು, ಸತ್ತದ್ದು ಅವಳಲ್ಲ, ಅವಳ ರೂಪ ತಾಳಿದ ಶಕ್ತಿ. ಅಸಲಿ ಹುಡುಗಿ ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ತಳದಲ್ಲಿ ಗೂಡಿನೊಳಗೆ ನಿದ್ದೆ ಹೊಡೆಯುತ್ತಿದ್ದಳು. ಬ್ಯಾಟ್‌ಮ್ಯಾನ್‌ನ ಸಹಾಯಕ ರಾಬಿನ್, ಅಂದರೆ ಜೇಸನ್ ಟಾಡ್, ಬದುಕಿ ಬಂದ ಕಾರಣವಂತೂ ವೈದ್ಯಶಾಸ್ತ್ರಕ್ಕೆ ಸವಾಲು: ಇನ್ನೆಲ್ಲೋ ಬಂದಿಯಾಗಿದ್ದ ಇನ್ನೊಬ್ಬ ಸೂಪರ್‌ಬಾಯ್ ಸಿಟ್ಟಿನಿಂದ ವಾಸ್ತವದ ಗೋಡೆಗೆ ಗುದ್ದಿದ, ಆ ಏಟಿಗೆ ಲೋಕ ಅಲುಗಿತು, ಇತ್ತ ಗೋರಿಯಲ್ಲಿದ್ದ ಜೇಸನ್ ಕಣ್ಣು ಬಿಟ್ಟ.

ಈ ಜೇಸನ್ ಸತ್ತದ್ದು ಚುನಾವಣೆಯಲ್ಲಿ. 1988ರಲ್ಲಿ ಅವನನ್ನು ಖಳನಾಯಕ ಜೋಕರ್ ಹಾರೆಯಿಂದ ಬಡಿದು ಬಾಂಬಿನ ಪಕ್ಕ ಬಿಟ್ಟು ಹೋಗುವಲ್ಲಿಗೆ ಕಥೆ ನಿಲ್ಲಿಸಿ, ಡಿಸಿ ಎರಡು ಫೋನ್ ನಂಬರ್ ಕೊಟ್ಟಿತು. ಸಾಯಲಿ ಎನ್ನುವವರಿಗೆ ಒಂದು, ಉಳಿಯಲಿ ಎನ್ನುವವರಿಗೆ ಒಂದು. ಕರೆಗೆ 50 ಸೆಂಟು. ಸಾಯಲಿ ಎಂದವರು 5,343, ಉಳಿಯಲಿ ಎಂದವರು 5,271. 72 ಮತಗಳ ಅಂತರದಿಂದ ಹುಡುಗ ತೀರಿಕೊಂಡ. ಒಬ್ಬನೇ ಆಸಾಮಿ ಕಂಪ್ಯೂಟರಿನಿಂದ ಮತ್ತೆ ಮತ್ತೆ ಕರೆ ಮಾಡಿಸಿದ್ದನಂತೆ ಎಂದು ಸಂಪಾದಕ ಡೆನಿಸ್ ಓನೀಲ್ ಅವರೇ ಆಮೇಲೆ ಹೇಳಿದ್ದುಂಟು. ಕಳ್ಳವೋಟಿನ ಗುಮಾನಿಯಿಂದ ಕಾಮಿಕ್ಸ್ ಲೋಕವೂ ಹೊರತಲ್ಲ. ಸತ್ತವರು ಬಂದು ವೋಟು ಹಾಕುವುದನ್ನು ನಾವು ಕೇಳಿದ್ದೇವೆ. ವೋಟು ಹಾಕಿ ಸಾಯಿಸುವುದು ಅವರ ಕೊಡುಗೆ.

ಕಾಮಿಕ್ಸ್ ಓದುಗರಲ್ಲಿ ಒಂದು ಮಾತಿತ್ತು: ಇಲ್ಲಿ ಸತ್ತು ಸತ್ತೇ ಇರುವವರು ಮೂವರು ಮಾತ್ರ, ಕ್ಯಾಪ್ಟನ್ ಅಮೆರಿಕನ ಗೆಳೆಯ ಬಕಿ, ಈ ಜೇಸನ್ ಟಾಡ್, ಮತ್ತು ಸ್ಪೈಡರ್‌ಮ್ಯಾನ್‌ನ ಅಂಕಲ್ ಬೆನ್. 2005ರ ಒಂದೇ ವರ್ಷದಲ್ಲಿ ಮೊದಲಿಬ್ಬರೂ ಎದ್ದು ಬಂದರು. ಅಂಕಲ್ ಬೆನ್ ಇನ್ನೂ ಮಲಗಿದ್ದಾನೆ. ಮುದುಕನ ಗೊಂಬೆ ಯಾರೂ ಕೊಳ್ಳುವುದಿಲ್ಲ.

ಇಷ್ಟು ಆಡಿಕೊಂಡ ಮೇಲೆ ಒಂದು ನಿಜವಾದ ಸಾವನ್ನೂ ಹೇಳಬೇಕು. 1982ರಲ್ಲಿ ಜಿಮ್ ಸ್ಟಾರ್ಲಿನ್ 'ದಿ ಡೆತ್ ಆಫ್ ಕ್ಯಾಪ್ಟನ್ ಮಾರ್ವೆಲ್' ಬರೆದು ಚಿತ್ರಿಸಿದರು. ಅವರ ತಂದೆ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಕಥೆಯ ನಾಯಕನೂ ಯುದ್ಧದಲ್ಲಿ ಸಾಯುವುದಿಲ್ಲ. ಕ್ಯಾನ್ಸರಿನಿಂದ, ಹಾಸಿಗೆಯಲ್ಲಿ, ಕೆಮ್ಮುತ್ತಾ ಸಾಯುತ್ತಾನೆ. ಗ್ರಹಗಳನ್ನು ಉಳಿಸಿದ ಮಹಾಬುದ್ಧಿವಂತರೆಲ್ಲ ಪ್ರಯೋಗಾಲಯದಲ್ಲಿ ತಲೆ ಕೆಡಿಸಿಕೊಂಡರೂ ಮದ್ದು ಸಿಗುವುದಿಲ್ಲ. ಮಂಚದ ಸುತ್ತ ನಿಂತ ಬಲಶಾಲಿಗಳಿಗೆ ಕೈ ಎಲ್ಲಿಟ್ಟುಕೊಳ್ಳಬೇಕೆಂದೂ ಗೊತ್ತಾಗುವುದಿಲ್ಲ. ಈ ಸಾವು ಇವತ್ತಿಗೂ ಹೆಚ್ಚುಕಡಿಮೆ ಹಾಗೇ ಉಳಿದಿದೆ. ಗೌರವದಿಂದ ಉಳಿದಿದೆ ಎಂದು ನಂಬಲು ನನಗೂ ಇಷ್ಟ. ಆ ಹೆಸರಿನ ಮೇಲೆ ಬೇರೆ ಬೇರೆ ಪಾತ್ರಗಳನ್ನು ತಂದು ಕಂಪನಿ ಹೆಸರನ್ನು ಉಳಿಸಿಕೊಂಡದ್ದರಿಂದ ಹಳೆಯವನ ಅಗತ್ಯ ಬೀಳಲಿಲ್ಲ ಎಂಬುದು ಲೆಕ್ಕಪತ್ರ ಬಲ್ಲವರ ಅಭಿಪ್ರಾಯ.

ಇಂದ್ರಜಾಲ ಕಾಮಿಕ್ಸ್ ಕನ್ನಡದಲ್ಲಿ ಓದಿ ಬೆಳೆದವರಿಗೆ ಈ ರಾದ್ಧಾಂತವೆಲ್ಲ ಅನವಶ್ಯಕ ಅನಿಸಿದರೆ ಆಶ್ಚರ್ಯವಿಲ್ಲ. ಅದರಲ್ಲಿ ಬರುತ್ತಿದ್ದ ಫ್ಯಾಂಟಮ್‌ಗೆ ಅವನ ಸೃಷ್ಟಿಕರ್ತ ಲೀ ಫಾಕ್ 1936ರಲ್ಲೇ ಇದರ ಪರಿಹಾರ ಕೊಟ್ಟಿದ್ದರು. ಅಪ್ಪ ಸಾಯುತ್ತಾನೆ, ತಲೆಬುರುಡೆಯ ಮೇಲೆ ಆಣೆ ಮಾಡಿ ಮಗ ಮುಖವಾಡ ಹಾಕುತ್ತಾನೆ. ಹೀಗೆ ಇಪ್ಪತ್ತೊಂದು ತಲೆಮಾರು. ಅವನಿಗೆ ಸಾವಿಲ್ಲ ಎಂದು ಕಾಡಿನವರು ನಂಬುತ್ತಾರೆ, ಓದುಗನಿಗೆ ನಿಜ ಗೊತ್ತು. ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಇದು ತಿರುಗುಮುರುಗು: ನಾಯಕ ಸತ್ತನೆಂದು ಕಥೆಯೊಳಗಿನವರು ನಂಬಿ ಅಳುತ್ತಾರೆ, ಅವನು ಬರುವ ತಿಂಗಳು ಯಾವುದೆಂದು ಓದುಗ ಕೇಳುತ್ತಾನೆ.

ಸಾವಿಲ್ಲದಂತೆ ನೋಡಿಕೊಂಡವರು ಲೇಖಕರು ಎಂದುಕೊಳ್ಳಬೇಡಿ. ಅಸಲಿ ಸಂಜೀವಿನಿ ಇರುವುದು ವಾಷಿಂಗ್ಟನ್ನಿನಲ್ಲಿ. ಸೂಪರ್‌ಮ್ಯಾನ್ ಹುಟ್ಟಿದಾಗಿನ ಅಮೆರಿಕದ ಕಾನೂನಿನಂತೆ ಕೃತಿಸ್ವಾಮ್ಯಕ್ಕೆ ಹೆಚ್ಚೆಂದರೆ 56 ವರ್ಷ. ಅಂದರೆ 1994ಕ್ಕೆ ಅವನು ಕಂಪನಿಯ ಕೈ ಬಿಟ್ಟು ಎಲ್ಲರ ಸೊತ್ತಾಗಬೇಕಿತ್ತು. 1976ರ ಕಾನೂನು ಅದನ್ನು 75 ವರ್ಷ ಮಾಡಿತು, ಅವನ ಗಡುವು 2013ಕ್ಕೆ ಹೋಯಿತು. 1998ರ ತಿದ್ದುಪಡಿ 95 ವರ್ಷ ಮಾಡಿತು. ಈಗ ಗಡುವು 2033ರ ಕೊನೆಗೆ. 2034ರ ಜನವರಿ 1ರಂದು ಆ ಮೊದಲ ಸಂಚಿಕೆಯ ಸೂಪರ್‌ಮ್ಯಾನ್ ಯಾರು ಬೇಕಾದರೂ ಬರೆಯಬಹುದಾದ ಪಾತ್ರ. ಕಂಪನಿ ನಿಜವಾಗಿ ಹೆದರುವ ಡೂಮ್ಸ್‌ಡೇ ಅದೊಂದೇ. ಅದಕ್ಕೆ ಕಪ್ಪು ಚೀಲ ಹೊಲಿಸುವುದಿಲ್ಲ.

ಇನ್ನು ಈ ವ್ಯಾಪಾರದಲ್ಲಿ ಒಂದೇ ಸಲ ಸಾಯುವವರ ವಿಷಯ. ಬ್ಯಾಟ್‌ಮ್ಯಾನ್‌ನನ್ನು ರೂಪಿಸಿದವರಲ್ಲಿ ಒಬ್ಬರಾದ ಬಿಲ್ ಫಿಂಗರ್ 1974ರಲ್ಲಿ 59ರ ವಯಸ್ಸಿಗೆ ತೀರಿಕೊಂಡರು. ಪಾತ್ರದ ಸೃಷ್ಟಿಕರ್ತರ ಸಾಲಿನಲ್ಲಿ ಅವರ ಹೆಸರು ಅಧಿಕೃತವಾಗಿ ಸೇರಿದ್ದು 2015ರಲ್ಲಿ. ಬ್ಯಾಟ್‌ಮ್ಯಾನ್ 2009ರಲ್ಲಿ ಸತ್ತು ಮರುವರ್ಷವೇ ಬಂದಿದ್ದ. ಫಿಂಗರ್‌ಗೆ 41 ವರ್ಷ ಹಿಡಿಯಿತು, ಅದೂ ಹೆಸರಷ್ಟೇ ಬಂತು. ಕ್ಯಾಪ್ಟನ್ ಅಮೆರಿಕನನ್ನು ಕೊಂದು, ಬಕಿಯನ್ನು ವಿಂಟರ್ ಸೋಲ್ಜರ್ ಎಂದು ಎಬ್ಬಿಸಿದ ಲೇಖಕ ಎಡ್ ಬ್ರೂಬೇಕರ್, ಆ ಪಾತ್ರವನ್ನು ಸೃಷ್ಟಿಸಿದ್ದಕ್ಕಿಂತ ಅದರ ಸಿನಿಮಾದಲ್ಲಿ ಒಂದು ಕ್ಷಣ ಮುಖ ತೋರಿಸಿದ್ದಕ್ಕೆ ತನಗೆ ಹೆಚ್ಚು ದುಡ್ಡು ಬಂದಿದೆ ಎಂದು ಬಾಯಿಬಿಟ್ಟೇ ಹೇಳಿದ್ದಾರೆ.

ಸೂಪರ್‌ಮ್ಯಾನ್‌ನನ್ನು ಮೊದಲು ಕಾಗದಕ್ಕಿಳಿಸಿದ ಚಿತ್ರಕಾರ ಜೋ ಶೂಸ್ಟರ್. ಬರೆದದ್ದು ಅವರ ಗೆಳೆಯ ಜೆರ್ರಿ ಸೀಗಲ್. ಕ್ಲೀವ್‌ಲ್ಯಾಂಡಿನ ಇಬ್ಬರು ಹುಡುಗರು. ಹಕ್ಕನ್ನು 130 ಡಾಲರಿಗೆ ಬರೆದುಕೊಟ್ಟರು. ಆಮೇಲೆ ದಶಕಗಳ ಕಾಲ ಕೋರ್ಟು ಅಲೆದರು. ಶೂಸ್ಟರ್ ಕಣ್ಣು ಮಂಜಾಗಿ ಚಿತ್ರ ಬಿಡಿಸುವುದೂ ನಿಂತಿತು. ಸೀಗಲ್ ಟೈಪಿಸ್ಟ್ ಗುಮಾಸ್ತರಾಗಿ ದುಡಿದರು. 1975ರಲ್ಲಿ ಸಹೋದ್ಯೋಗಿ ಕಲಾವಿದರು ಬಹಿರಂಗವಾಗಿ ದನಿ ಎತ್ತಿದ ಮೇಲೆ, ಸೂಪರ್‌ಮ್ಯಾನ್ ಸಿನಿಮಾ ತೆಗೆಯಲು ಹೊರಟಿದ್ದ ಕಂಪನಿಗೆ ಮುಜುಗರವಾಗಿ, ತಲಾ ವರ್ಷಕ್ಕೆ 20,000 ಡಾಲರ್ ಪಿಂಚಣಿ ಮತ್ತು ಪುಸ್ತಕದ ಮೇಲೆ ಹೆಸರು ಸಿಕ್ಕಿತು.

ಶೂಸ್ಟರ್ ಸತ್ತದ್ದು 1992ರ ಜುಲೈ 30ರಂದು, ಲಾಸ್ ಏಂಜಲಿಸ್‌ನಲ್ಲಿ, 78ರ ವಯಸ್ಸಿನಲ್ಲಿ. ಅವರು ಬಿಡಿಸಿದ ಚಿತ್ರ ನಾಲ್ಕು ತಿಂಗಳೊಳಗೆ 'ಸತ್ತಾಗ' ಲಕ್ಷಾಂತರ ಜನ ಸಾಲು ನಿಂತು ತೋಳುಪಟ್ಟಿ ಕೊಂಡರು. ಚಿತ್ರ ಬಿಡಿಸಿದವರ ಸಾವಿಗೆ ಯಾವ ಅಂಗಡಿಯ ಮುಂದೂ ಸಾಲು ನಿಲ್ಲಲಿಲ್ಲ. ಒಬ್ಬ ಮರಳಿ ಬರುವವನು, ಅವನ ಸಾವಿಗೆ ಬೆಲೆ. ಇನ್ನೊಬ್ಬರು ಮರಳಿ ಬಾರದವರು, ಅವರ ಸಾವು ಬಿಟ್ಟಿ. ಈ ದಂಧೆಯ ಧರ್ಮಶಾಸ್ತ್ರದಲ್ಲಿ ಇರುವುದು ಇದೊಂದೇ ಶ್ಲೋಕ.

1938ರ ಮಾರ್ಚ್ 1ರಂದು ಆ ಇಬ್ಬರಿಗೆ ಬರೆದ ಚೆಕ್ಕು ಉಳಿದುಕೊಂಡಿದೆ. ಒಟ್ಟು 412 ಡಾಲರ್, ಅದರಲ್ಲಿ ಸೂಪರ್‌ಮ್ಯಾನ್ ಬಾಬ್ತು 130. ಇಬ್ಬರ ಹೆಸರಿನ ಕಾಗುಣಿತವೂ ತಪ್ಪು. ಹಾಗಾಗಿ ದುಡ್ಡು ಕೈಗೆ ಬರಲು ಒಮ್ಮೆ ಕಂಪನಿ ಬರೆದ ತಪ್ಪು ಹೆಸರಿನಲ್ಲಿ, ಒಮ್ಮೆ ತಮ್ಮ ಸರಿ ಹೆಸರಿನಲ್ಲಿ, ಇಬ್ಬರೂ ಎರಡೆರಡು ಸಹಿ ಹಾಕಬೇಕಾಯಿತು. 2012ರಲ್ಲಿ ಆ ಚೆಕ್ಕು 1,60,000 ಡಾಲರಿಗೆ ಹರಾಜಾಯಿತು. ಸೀಗಲ್ 1996ರಲ್ಲೇ ತೀರಿಕೊಂಡಿದ್ದರು.